ಮೇಲಿನದು, ಕೆಳಗಿನದು

1980ರ ದಶಕದಲ್ಲಿ ನಮ್ಮಪ್ಪನಿಗೆ ಬಿಪಿ ಇದೆ ಅನ್ನುವುದು ಇಡೀ ಮನೆಗೆ ಗೊತ್ತಿತ್ತು. ಎಷ್ಟಿದೆ ಅನ್ನುವುದು ಡಾಕ್ಟರಿಗೆ ಮಾತ್ರ. ತಿಪಟೂರಿಗೆ ಸಂತೆಗೆ ಹೋದಾಗ ಕ್ಲಿನಿಕ್ಕಿಗೆ ಹೋಗಿ ‘ಬಿಪಿ ನೋಡಿಸ್ಕೊಂಡು’ ಬರುತ್ತಿದ್ದರು. ನಾನೂ ಜೊತೆಗೆ ಹೋಗಿದ್ದುಂಟು. ಮೇಜಿನ ಮೇಲೆ ಉದ್ದನೆಯ ಪೆಟ್ಟಿಗೆ, ಮುಚ್ಚಳದ ಒಳಬದಿಗೆ ಗಾಜಿನ ಕೊಳವೆ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ರಬ್ಬರ್ ಬಲ್ಬು ಒತ್ತಿದಂತೆಲ್ಲ ಪಾದರಸ ಏರುತ್ತಿತ್ತು, ತಿರುಪು ಸಡಿಲಿಸಿದರೆ ಅಲುಗುತ್ತಾ ಇಳಿಯುತ್ತಿತ್ತು. ರಷ್ಯಾದ ಕೊರೊಟ್ಕೊವ್ 1905ರಲ್ಲಿ ವಿವರಿಸಿದ ವಿಧಾನ ಅದು. ಸ್ಟೆತಾಸ್ಕೋಪಿನಲ್ಲಿ ಸದ್ದು ಶುರುವಾದಲ್ಲಿ ಮೇಲಿನ ಅಂಕಿ, ನಿಂತಲ್ಲಿ ಕೆಳಗಿನದು. ನಮಗೆ ಸಿಗುತ್ತಿದ್ದದ್ದು ಇಷ್ಟೇ: “ಸ್ವಲ್ಪ ಜಾಸ್ತಿ ಇದೆ ಯಜಮಾನ್ರೇ, ಉಪ್ಪಿನಕಾಯಿ ಬಿಡಿ.”

ಸ್ವಲ್ಪ ಅಂದರೆ ಎಷ್ಟು ಅಂತ ಅಪ್ಪ ಕೇಳಲಿಲ್ಲ. ತಲೆ ಸುತ್ತಿದರೆ ಮಾತ್ರೆ ನುಂಗುವುದು, ಆರಾಮಾದರೆ ಬಿಡುವುದು. ಒತ್ತಡ ಏರಿದ್ದರೂ ಮೈಗೆ ಏನೂ ಗೊತ್ತಾಗದಿರಬಹುದು ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ಹಣೆಬರಹ ಅಂದರು ಊರವರು. ನಾನು ಹಾಗೆ ಅನ್ನಲಾರೆ. ಅಂಕಿ ಗೊತ್ತಿದ್ದಿದ್ದರೆ ಅಮ್ಮ ಮಾತ್ರೆಗಾಗಿ ಜಗಳವನ್ನಾದರೂ ಆಡುತ್ತಿದ್ದಳು.

ಈಗ ನನಗೂ ಬಿಪಿ. ಊಟದ ಮೇಜಿನ ಮೇಲೆ ಸೆಲ್ ಹಾಕಿದ ಯಂತ್ರವಿದೆ. ಸದ್ದು ಕೇಳುವ ಕಿವಿ ಬೇಡ, ನಾಡಿ ಬಡಿತಕ್ಕೆ ಪಟ್ಟಿಯೊಳಗಿನ ಗಾಳಿ ಅದುರುವುದನ್ನೇ ಅಳೆದು ಲೆಕ್ಕ ಹಾಕುತ್ತದೆ. ಶಿಸ್ತೇನಿದ್ದರೂ ಕೂರುವವರಿಗೆ. ಅರ್ಧ ಗಂಟೆ ಮುಂಚಿನಿಂದ ಕಾಫಿ ಇಲ್ಲ. ಮೂತ್ರಕ್ಕೆ ಹೋಗಿಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನಿರಬೇಕು. ತೋಳು ಎದೆಯ ಮಟ್ಟಕ್ಕಿರಬೇಕು, ಜೋತುಬಿಟ್ಟರೆ ಅಂಕಿ ಏರುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೂ ಏರುತ್ತದೆ. ತೋಳಿನ ಸುತ್ತಳತೆ ಕೇಳದೆ ಯಂತ್ರ ಮಾರುವವರನ್ನು ಕಂಡರೆ ನನಗೆ ಸಿಟ್ಟು. ಅಳೆಯುವಾಗ ಮಾತೂ ಕೂಡದು, ಕುಕ್ಕರ್ ಎಷ್ಟು ಕೂಗಿತು ಅಂತ ನನ್ನ ಹೆಂಡತಿ ಆಮೇಲೆ ಕೇಳುತ್ತಾಳೆ. ಬೆಳಿಗ್ಗೆ ಮಾತ್ರೆಗೆ ಮುಂಚೆ, ಒಂದು ನಿಮಿಷ ಬಿಟ್ಟು ಎರಡು ಸಲ. ಸಂಜೆ ಮತ್ತೆ ಹಾಗೇ. ಬಂದದ್ದೆಲ್ಲ ಒಂದು ಪುಸ್ತಕದಲ್ಲಿ ಬರೆಯಬೇಕು, ಕಡಿಮೆ ಬಂದದ್ದನ್ನು ಮಾತ್ರ ಆರಿಸಿ ಬರೆಯುವುದಲ್ಲ.

ಹೋದ ಸಲ ಆ ಪುಸ್ತಕವೇ ಕೆಲಸಕ್ಕೆ ಬಂತು. ಆಸ್ಪತ್ರೆಯಲ್ಲಿ 152/94 ತೋರಿಸಿತು. ಮಾತ್ರೆ ಹೆಚ್ಚಿಸೋಣ ಅಂದ ಡಾಕ್ಟರು ಪುಸ್ತಕ ತಿರುವಿ ನೋಡಿದರು. ವಾರದ ಸರಾಸರಿ 128/80ರ ಆಸುಪಾಸು. ಆಸ್ಪತ್ರೆಯಲ್ಲಿ 140/90 ಗಡಿಯಾದರೆ ಮನೆಯಲ್ಲಿ 135/85 ಎಂದು ಹಿಡಿಯುವುದು ವಾಡಿಕೆ. ಡಾಕ್ಟರನ್ನು ಕಂಡೊಡನೆ ಬಿಪಿ ಏರುವವರು ಬಹಳ ಮಂದಿ. ಅಲ್ಲಿ ಸರಿಯಿದ್ದು ಮನೆಯಲ್ಲಿ ಏರುವವರೂ ಇದ್ದಾರೆ. ಅಪಾಯ ಹೆಚ್ಚು ಇವರಿಗೇ, ಏಕೆಂದರೆ ಮನೆಯಲ್ಲಿ ನೋಡದೆ ಗೊತ್ತೇ ಆಗುವುದಿಲ್ಲ. ನನ್ನ ಮಾತ್ರೆ ಇದ್ದಷ್ಟೇ ಉಳಿಯಿತು. “ಮುಂದಿನ ಸಲವೂ ಬರೆದು ತನ್ನಿ” ಅಂದರು.

ಅಪ್ಪನಿಗಿತ್ತು, ನನಗಿದೆ, ಊರಲ್ಲಿರುವ ತಮ್ಮನಿಗೂ ಬರಬಹುದಾದದ್ದೇ. ಅವನಿಗೊಂದು ಯಂತ್ರ ಕೊಳ್ಳಬೇಕು. ಟೇಪು ಹಿಡಿದು ತೋಳಿನ ಸುತ್ತಳತೆ ನೋಡಿ ಹೇಳಪ್ಪಾ ಅಂತ ಫೋನ್ ಮಾಡಿದ್ದೇನೆ.