ಟ್ರ್ಯಾಕ್ಟರಿನ ಬಾಡಿ ಅರ್ಥ್

1980ರ ದಶಕದಲ್ಲಿ ತಾಲ್ಲೂಕು ಕೇಂದ್ರಗಳ ಆಟೋ ಎಲೆಕ್ಟ್ರಿಕಲ್ ಅಂಗಡಿ ಎಂದರೆ ಡೈನಮೋ ಬಿಚ್ಚಿ ಕಾರ್ಬನ್ ಬ್ರಷ್ ಬದಲಿಸುವ, ಆರ್ಮೇಚರಿಗೆ ಹೊಸ ತಂತಿ ಸುತ್ತುವ, ಕಟೌಟ್ ಪೆಟ್ಟಿಗೆಯ ಪಾಯಿಂಟುಗಳನ್ನು ಉಜ್ಜಿ ಹದಮಾಡುವ ಜಾಗ. ಮ್ಯಾಸ್ಸಿ 1035, ಮಹೀಂದ್ರ ಬಿ-275, ಎಚ್‌ಎಂಟಿ 2511 ಟ್ರ್ಯಾಕ್ಟರುಗಳು ಅಲ್ಲಿಗೆ ಬರುತ್ತಿದ್ದವು. ದೋಷ ಹುಡುಕಲು ಇದ್ದದ್ದು ಒಂದು 12 ವೋಲ್ಟ್ ಬಲ್ಬು, ಅದಕ್ಕೆ ಬೆಸೆದ ಎರಡು ವೈರು. ಈಗ ಡೈನಮೋ ಜಾಗಕ್ಕೆ ಆಲ್ಟರ್ನೇಟರ್, ಬಲ್ಬಿನ ಜಾಗಕ್ಕೆ ಡಿಜಿಟಲ್ ಮೀಟರ್ ಬಂದಿವೆ. ಸುತ್ತುವ ಕೆಲಸ ಬಹುಮಟ್ಟಿಗೆ ನಿಂತು ಹೊಸ ಭಾಗವನ್ನೇ ಕೂರಿಸುವುದು ರೂಢಿಯಾಗಿದೆ. ಸುತ್ತುವ ಕಸುಬು ಹೋದದ್ದಕ್ಕೆ ನಾನು ಮರುಗುವುದಿಲ್ಲ. ಆದರೆ ಬ್ಯಾಟರಿಯಿಂದ ಹೊರಟ ಕರೆಂಟು ಯಾವ ದಾರಿಯಲ್ಲಿ ಹೋಗಿ ಯಾವ ದಾರಿಯಲ್ಲಿ ಮರಳುತ್ತದೆ ಎಂದು ಬೆನ್ನುಹತ್ತಿ ನೋಡುವ ಅಭ್ಯಾಸವೂ ಅದರ ಜೊತೆಗೇ ಹೋಯಿತು. ಹಳೆಯ ಟ್ರ್ಯಾಕ್ಟರುಗಳಿಗೆ ನಿಜವಾದ ನಷ್ಟ ಇದು.

ಈ ಗಾಡಿಗಳಲ್ಲಿ ಕರೆಂಟು ಮರಳಲು ಬೇರೆ ವೈರಿಲ್ಲ. ಎಂಜಿನ್, ಗೇರ್‌ಬಾಕ್ಸ್, ಮಡ್‌ಗಾರ್ಡಿನ ಕಬ್ಬಿಣವೇ ದಾರಿ, ಅದೇ ಬಾಡಿ ಅರ್ಥ್. ಕೆಸರು, ಗೊಬ್ಬರದ ಧೂಳು, ಬ್ಯಾಟರಿಯ ಆಸಿಡ್ ಸೇರಿ, ಬ್ಯಾಟರಿಯನ್ನು ಈ ಕಬ್ಬಿಣಕ್ಕೆ ಜೋಡಿಸುವ ಅರ್ಥ್ ಪಟ್ಟಿಯ ಬೋಲ್ಟು ತುಕ್ಕು ಹಿಡಿಯುತ್ತದೆ. ಆಯುಧಪೂಜೆಗೆಂದು ಬಣ್ಣ ಹೊಡೆಸಿದ್ದರೆ ಪಟ್ಟಿ ಕೂರುವ ಜಾಗಕ್ಕೂ ಬಣ್ಣ ಬಿದ್ದಿರುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರು 200 ಆಂಪಿಯರ್ ಎಳೆಯಿತು ಎನ್ನಿ. ಆ ಜೋಡಣೆಯಲ್ಲಿ ಬರೀ 0.01 ಓಮ್ ತಡೆಯಿದ್ದರೂ 2 ವೋಲ್ಟ್ ಅಲ್ಲೇ ಕರಗುತ್ತದೆ. ಸೆಲ್ಫ್ ನರಳುತ್ತದೆ. ಮಾಲೀಕರು ಮೊದಲು ಬ್ಯಾಟರಿ ಬದಲಿಸುತ್ತಾರೆ, ಆಮೇಲೆ ಸೆಲ್ಫ್. ಎರಡೂ ಹೊಸದಾದ ಮೇಲೂ ನರಳಾಟ ನಿಲ್ಲುವುದಿಲ್ಲ. ಇಲ್ಲಿ ಹಳೆಯ ಬಲ್ಬನ್ನೂ ನಂಬುವಂತಿರಲಿಲ್ಲ. ಅದಕ್ಕೆ ಬೇಕಾದ ಅಲ್ಪ ಕರೆಂಟು ಕೆಟ್ಟ ಜೋಡಣೆಯಲ್ಲೂ ಹರಿಯುತ್ತದೆ, ಬಲ್ಬು ಜಗ್ಗನೆ ಹತ್ತಿಕೊಳ್ಳುತ್ತದೆ. ಮೀಟರ್ ಇದಕ್ಕಿಂತ ಎಷ್ಟೋ ಮೇಲು. ಆದರೆ ಅದನ್ನು ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಮುಟ್ಟಿಸಿ 12.6 ಎಂದು ಓದಿ ಸುಮ್ಮನಾದರೆ ಏನೂ ತಿಳಿಯುವುದಿಲ್ಲ. ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ನಿನ ಬರಿಯ ಕಬ್ಬಿಣಕ್ಕೆ ಹಿಡಿದು, ಸೆಲ್ಫ್ ಹೊಡೆಯುತ್ತಿರುವಾಗಲೇ ನೋಡಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ದೋಷ ಮರಳುವ ದಾರಿಯಲ್ಲಿದೆ.

ಬಿತ್ತನೆಯ ಹೊತ್ತಿನಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂಬ ಮಾತು ನ್ಯಾಯವಾದದ್ದೇ. ಹದ ತಪ್ಪಿದರೆ ಬೆಳೆಯೇ ತಪ್ಪುತ್ತದೆ. ಆದರೆ ಈ ಅಳತೆಗೆ ಐದು ನಿಮಿಷ ಸಾಕು. ಸೆಲ್ಫ್ ಬಿಚ್ಚಿ ಕೂರಿಸಲು ಅದರ ಎಷ್ಟೋ ಪಟ್ಟು ಹೊತ್ತು ಬೇಕು. ಡೀಸೆಲ್ ಎಂಜಿನ್ನಿಗೆ ಕರೆಂಟಿನ ಹಂಗೇ ಇಲ್ಲ, ಇಳಿಜಾರಿನಲ್ಲಿ ಬಿಟ್ಟರೆ ಸ್ಟಾರ್ಟ್ ಆಗುತ್ತದೆ ಎನ್ನುವವರೂ ಇದ್ದಾರೆ. ಹಳೆಯ ಗಾಡಿಗಳ ಮಟ್ಟಿಗೆ ಅದು ನಿಜ, ಅವುಗಳ ವೈರಿಂಗನ್ನು ವರ್ಷಗಟ್ಟಲೆ ಯಾರೂ ಮುಟ್ಟದಿರಲು ಕಾರಣವೂ ಅದೇ. ಆದರೆ ಮಂಡ್ಯ, ಬೆಳಗಾವಿ ಕಡೆ ಕಬ್ಬು ತುಂಬಿದ ಟ್ರೇಲರುಗಳು ಓಡುವುದು ರಾತ್ರಿಯಲ್ಲೂ ತಾನೆ? ಬೇರೆ ಅರ್ಥ್ ವೈರಿಲ್ಲದ ಟ್ರೇಲರಿನ ಹಿಂದೀಪದ ಕರೆಂಟು ಗ್ರೀಸು, ತುಕ್ಕು ಮೆತ್ತಿದ ಹುಕ್ಕಿನ ಪಿನ್ನಿನ ಮೂಲಕವೇ ಮರಳಬೇಕು. ಗುಂಡಿಯಲ್ಲಿ ಕುಲುಕಿದಾಗಲೆಲ್ಲ ದೀಪ ಆರುತ್ತದೆ, ಹಿಂದಿನಿಂದ ಬರುವ ಬೈಕಿನವನಿಗೆ ಕಬ್ಬಿನ ರಾಶಿ ಕಾಣುವುದೇ ಇಲ್ಲ. ಹೊಸ ಬಲ್ಬು ಹಾಕಿ ಕಳಿಸಿದರೆ ಅದು ಸರಿಹೋಗುವುದಿಲ್ಲ. ಟ್ರೇಲರಿನಿಂದ ಟ್ರ್ಯಾಕ್ಟರಿಗೆ ಒಂದು ಅರ್ಥ್ ವೈರನ್ನು ಬೇರೆಯಾಗಿಯೇ ಎಳೆಯಬೇಕು.