ಬೇವಿನೆಣ್ಣೆಯ ಬಟ್ಟಲು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸೀಮೆಯಲ್ಲಿ ಪ್ರವಚನಕ್ಕೆಂದು ಸಂಚರಿಸುವಾಗ, ಮುಸ್ಸಂಜೆಯ ಮನೆಗಳಲ್ಲಿ ಬೇವು, ಲಕ್ಕಿ ಸೊಪ್ಪುಗಳ ಹೊಗೆಯನ್ನು ನಾವು ಕಂಡಿದ್ದೇವೆ. ಮಠದಲ್ಲಿ ಓದುವಾಗ ನಾವೂ ಸೊಳ್ಳೆಗಳನ್ನು ಹಾಗೆಯೇ ಅಟ್ಟುತ್ತಿದ್ದೆವು. ಆ ಅಭಿಮಾನದಿಂದಲೇ ಒಮ್ಮೆ ಮನೆಯಲ್ಲಿ ಹೊಗೆ ಹಾಕಿದೆವು. ಉಬ್ಬಸದ ಮೊಮ್ಮಗಳು ರಾತ್ರಿಯೆಲ್ಲ ಕೆಮ್ಮಿದಳು. ತಪ್ಪು ನಮ್ಮದು. ಸೊಪ್ಪಿನ ಹೊಗೆಯೂ ಹೊಗೆಯೇ.

ಅಂದಿನಿಂದ ಎಣ್ಣೆಯನ್ನು ನೆಚ್ಚಿದೆವು. 98 ಭಾಗ ಕೊಬ್ಬರಿ ಎಣ್ಣೆಗೆ 2 ಭಾಗ ಬೇವಿನೆಣ್ಣೆ. ಮಲೇರಿಯಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದ ಅಳತೆಯಿದು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗಳನ್ನು 12 ಗಂಟೆ ತಡೆಯಿತೆಂದು ಅವರು ಬರೆದಿದ್ದಾರೆ. ಮೊದಲು ಮೊಣಕೈಯ ಒಳಭಾಗಕ್ಕೆ ಒಂದು ತೊಟ್ಟು ಹಚ್ಚಿ ಒಂದು ದಿನ ನೋಡಬೇಕು. ಬಾಯಿಗೆ ಸೇರಬಾರದು, ಹಸುಗೂಸುಗಳಿಗಂತೂ ಬೇಡವೇ ಬೇಡ. ಅದರ ವಾಸನೆಗೆ ನಮ್ಮ ಮನೆಯವರು ಇಂದಿಗೂ ಮೂಗು ಮುಚ್ಚುತ್ತಾರೆ!

ತೋಪಿನ ನೀಲಗಿರಿ ಎಲೆ ಸಾಲದೇ ಎಂದು ಮಾಲೂರಿನ ಭಕ್ತರೊಬ್ಬರು ಕೇಳಿದರು. ಸೊಳ್ಳೆಯನ್ನು ದೂರವಿಡಲು ಹೆಸರಾದುದು ನಿಂಬೆಯ ಪರಿಮಳದ ನೀಲಗಿರಿ. ಈ ಕಡೆಯ ತೋಪುಗಳಲ್ಲಿರುವುದು ಹೆಚ್ಚಾಗಿ ಬೇರೆ ಜಾತಿ.

ಎಣ್ಣೆಯೊಂದರಿಂದಲೇ ನಿಶ್ಚಿಂತೆಯೂ ಇಲ್ಲ. ಡೆಂಗಿಯ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ನಿಂತ ತಿಳಿನೀರಿನಲ್ಲಿ ಹುಟ್ಟುತ್ತದೆ. ಆದ್ದರಿಂದ ಹಿತ್ತಲಿನ ಕಲ್ಲುತೊಟ್ಟಿಯನ್ನು ವಾರಕ್ಕೊಮ್ಮೆ ಬರಿದುಮಾಡಿ ಉಜ್ಜುವ ಕಾಯಕವನ್ನು ಈಗ ನಾವೂ ಮೊಮ್ಮಗಳೂ ಹಂಚಿಕೊಂಡಿದ್ದೇವೆ.