ಪೆಡಲ್ ಮೇಲಿನ ಪಾದ

ಹಾಸನದ ಆಪರೇಷನ್ ಥಿಯೇಟರು. ದೀಪ ಆರಿಸಿದ್ದಾರೆ, ಮಾನಿಟರಿನ ಬೆಳಕಷ್ಟೇ ಉಳಿದಿದೆ. ಮಾಸ್ಕಿನೊಳಗೆ ನಿಮ್ಮದೇ ಬಿಸಿಯುಸಿರು, ಮೂಗಿಗಡರುವ ಅಯೋಡಿನ್ ವಾಸನೆ. ತಲೆಯ ಕಡೆಗೆ ತಗ್ಗಿಸಿದ ಮೇಜಿನ ಮೇಲೆ ಹೊಳೆನರಸೀಪುರದ ಹೆಣ್ಣುಮಗಳು ಮಲಗಿದ್ದಾಳೆ. ಅರಿವಳಿಕೆಗೆ ಮುಂಚೆ ನಿಮ್ಮ ಮುಂಗೈ ಹಿಡಿದು ಅವಳು ಕೇಳಿದ್ದು ಒಂದೇ: “ಗರ್ಭಕೋಶ ಮಾತ್ರ ತೆಗೀಬೇಡಿ ಮೇಡಂ, ನನಗಿನ್ನೂ ಮಕ್ಕಳಿಲ್ಲ.”

ಹೊಟ್ಟೆಯ ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿದ್ದೀರಿ; ಪರದೆಯ ತುಂಬ ಆ ಗರ್ಭಕೋಶ. ಹಿಂಗೋಡೆ ಉಬ್ಬಿದೆ, ಗಡ್ಡೆ ಅಲ್ಲಿದೆ. “ವ್ಯಾಸೊಪ್ರೆಸಿನ್ ಕೊಡ್ತಿದೀನಿ ಸರ್” ಎನ್ನುತ್ತೀರಿ. ಅರಿವಳಿಕೆ ವೈದ್ಯರು ಹೂಂಗುಟ್ಟುವ ತನಕ ಕಾಯಲೇಬೇಕು: ಸ್ನಾಯುವಿನ ರಕ್ತದ ಹರಿವು ತಗ್ಗಿಸುವ ಈ ಔಷಧ ನೇರ ರಕ್ತನಾಳಕ್ಕೆ ಹೋದರೆ ಎದೆಬಡಿತವೇ ಹದ ತಪ್ಪುತ್ತದೆ. ಸಿರಿಂಜು ಹಿಂದೆಳೆದು ನೋಡುತ್ತೀರಿ. ರಕ್ತವಿಲ್ಲ. ಒತ್ತುತ್ತೀರಿ. ಗುಲಾಬಿ ಸ್ನಾಯು ಕಣ್ಣೆದುರೇ ಬಿಳುಚುತ್ತದೆ. ಈ ಬಿಳುಪು ಹೆಚ್ಚು ಹೊತ್ತು ಇರುವುದಿಲ್ಲ.

ಸೀಳುತ್ತೀರಿ. ಗಡ್ಡೆಗೆ ತಿರುಪು ಚುಚ್ಚಿ ಎಳೆದರೆ ಭುಜ ನೋಯುತ್ತದೆ. ಪದರ ಬಿಡಿಸುತ್ತ, ಮತ್ತೆ ಎಳೆಯುತ್ತ, ಕೊನೆಗೆ ಅದು ಕಳಚಿ ಬರುತ್ತದೆ.

ಉಳಿದದ್ದು ಗುಂಡಿ. ಅದರ ತಳದಿಂದ ರಕ್ತ ಜಿನುಗುತ್ತದೆ. ಜಿನುಗಿದ್ದು ತುಂಬುತ್ತದೆ. ಸಕ್ಷನ್ ಗೊರಗುಟ್ಟುತ್ತದೆ. ಪರದೆ ಕೆಂಪು. “ಬಿ.ಪಿ. ಇಳೀತಿದೆ” ಎಂದು ಮೇಜಿನ ತಲೆಗಡೆಯಿಂದ ದನಿ. ನಿಮ್ಮ ಪಾದ ಕರೆಂಟಿನ ಪೆಡಲ್ ಮೇಲಿದೆ. ಒತ್ತಿದರೆ ಚರ್ ಎನ್ನುತ್ತದೆ, ಹೊಗೆ ಏಳುತ್ತದೆ, ರಕ್ತ ನಿಲ್ಲುತ್ತದೆ.

ಆದರೆ ಸುಟ್ಟ ಸ್ನಾಯು ಗಟ್ಟಿಯಾಗಿ ಕೂಡಿಕೊಳ್ಳುವುದಿಲ್ಲ. ಮುಂದೆ ಗರ್ಭ ಬೆಳೆದಾಗ ಬಿರಿಯುವ ಭಯ ಅಲ್ಲೇ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಅದು ಬಿರಿದರೆ ತಾಯಿ, ಮಗು ಇಬ್ಬರಿಗೂ ಉಳಿಗಾಲವಿಲ್ಲದೆ ಹೋಗಬಹುದು. ಕರೆಂಟು ಬೇಡ. ಹೊಲಿಗೆಯೇ ಬೇಕು, ಈಗಲೇ ಬೇಕು.

ಪಾದ ತೆಗೆಯುತ್ತೀರಿ. “ಸಿಸ್ಟರ್, ಬಾರ್ಬ್ಡ್ ದಾರ.”

ಬಾಗಿದ ಸೂಜಿ ಒಳಗಿಳಿಯುತ್ತದೆ. ಚಪ್ಪಟೆ ಪರದೆಯಲ್ಲಿ ಆಳ ಕಾಣದು. ಕೈ ಬಲಕ್ಕೆ ಹೋದರೆ ಒಳಗಿನ ತುದಿ ಎಡಕ್ಕೆ ಹೋಗುತ್ತದೆ. ಸೂಜಿಯನ್ನು ನೆಟ್ಟಗೆ ಹಿಡಿದು, ಗುಂಡಿಯ ತಳಕ್ಕೇ ಚುಚ್ಚಿ, ಮಣಿಕಟ್ಟು ತಿರುಗಿಸುತ್ತೀರಿ. ಮೇಲ್ಮೇಲೆ ಹೊಲಿದರೆ ಒಳಗೆ ಪೊಳ್ಳು ಉಳಿದು ರಕ್ತ ಹೆಪ್ಪುಗಟ್ಟುತ್ತದೆ. ದಾರದ ಮೈಯಲ್ಲಿ ಸಣ್ಣ ಮುಳ್ಳುಗಳಿವೆ; ಹೇಮಾವತಿಯ ಮೀನಿಗೆ ಹಾಕುವ ಗಾಳದ ಕೊಂಕಿನ ಹಾಗೆ, ಒಳಹೊಕ್ಕಿದ್ದು ಹಿಂದೆ ಸರಿಯುವುದಿಲ್ಲ. ಗಂಟಿಗಾಗಿ ತಡಕಾಡುವ ನಿಮಿಷಗಳು ಉಳಿಯುತ್ತವೆ, ಇವತ್ತು ಆ ನಿಮಿಷಗಳೇ ರಕ್ತ. ಎಳೆಯಿರಿ. ಬಿಗಿಯಿತು. ಮತ್ತೊಂದು. ಮತ್ತೊಂದು. ಕೆಂಪು ತೆಳುವಾಗುತ್ತದೆ.

“ಬಿ.ಪಿ. ಪರವಾಗಿಲ್ಲ ಮೇಡಂ.”

ಈಗ ಬೆನ್ನ ಮೇಲೆ ಬೆವರು ಇಳಿಯುವುದು ಗೊತ್ತಾಗುತ್ತದೆ. ಅವಸರ ಬೇಡ. ಎರಡನೇ ಪದರ, ಆಮೇಲೆ ಮೇಲ್ಪದರ: ಸೂಜಿ ಒಳಗಿನಿಂದ ಹೊರಕ್ಕೆ, ಒಮ್ಮೆ ಈ ಅಂಚು, ಒಮ್ಮೆ ಆ ಅಂಚು, ಎಳೆದಾಗ ಹಸಿ ಅಂಚುಗಳು ಒಳಮಡಚಿಕೊಳ್ಳುತ್ತವೆ. ದಾರದ ತುದಿಯನ್ನು ಗಿಡ್ಡಕ್ಕೆ ಕತ್ತರಿಸುತ್ತೀರಿ. ಹೊರಗುಳಿದ ಒಂದು ಮುಳ್ಳು ಕರುಳಿಗೆ ಸಿಕ್ಕಿಕೊಂಡರೂ ಸಾಕು, ಇನ್ನೊಂದು ಆಪರೇಷನ್.

ಇಂಗ್ಲೆಂಡಿನ ಶಸ್ತ್ರವೈದ್ಯ ವಿಕ್ಟರ್ ಬಾನಿ ಹೀಗೆ ಗರ್ಭಕೋಶ ಉಳಿಸಲೆಂದೇ ದುಡಿದವರು. ಗಡ್ಡೆಯ ಕಾರಣಕ್ಕೆ ಅವರ ಹೆಂಡತಿಯ ಗರ್ಭಕೋಶವನ್ನೇ ತೆಗೆಯಬೇಕಾಯಿತು, ಮಕ್ಕಳಾಗಲಿಲ್ಲ. ಗಡ್ಡೆಯನ್ನಷ್ಟೇ ತೆಗೆಯುವ ವಿದ್ಯೆಯನ್ನು ಬಾನಿ ಬೆಳೆಸಿದರು. ಅಂದಿನ ಆ ಕೆಲಸಕ್ಕೆ ಹೊಟ್ಟೆ ಸೀಳಬೇಕಿತ್ತು.

ಹೊರಗೆ ಅರಕಲಗೂಡಿನಿಂದ ಬಂದ ಆ ಹೆಣ್ಣುಮಗಳ ತಾಯಿ ಎದ್ದು ನಿಲ್ಲುತ್ತಾರೆ. “ಗರ್ಭಕೋಶ ಉಳಿದಿದೆ ಅಮ್ಮ” ಎನ್ನುತ್ತೀರಿ. ಇನ್ನೂ ಕೆಲವು ತಿಂಗಳು ಬಸಿರು ಬೇಡ, ಆದಾಗ ಈ ಚೀಟಿ ತೋರಿಸದೆ ಎಲ್ಲೂ ಹೆರಿಗೆಗೆ ಹೋಗಬೇಡಿ, ಹೊಳೆನರಸೀಪುರವಾಗಲಿ ಚನ್ನರಾಯಪಟ್ಟಣವಾಗಲಿ. ಹೊಲಿಗೆ ಎಷ್ಟು ಆಳಕ್ಕೆ, ಎಷ್ಟು ಪದರ ಬಿದ್ದಿದೆಯೆಂದು ಅದರಲ್ಲಿ ನೀವೇ ಬರೆಯುತ್ತೀರಿ.